ಪುಷ್ಕರಣಿಯಿಂದ ಗಾಜಿನ ತೊಟ್ಟಿಗೆ

ಮನೆಯೊಳಗೆ ಗಾಜಿನ ತೊಟ್ಟಿಯನ್ನಿಟ್ಟು ಅದರಲ್ಲಿ ಮೀನುಗಳನ್ನು ಸಾಕುವ ಹವ್ಯಾಸವು ಪಶ್ಚಿಮ ದೇಶಗಳಿಂದ ನಮಗೆ ಬಂದುದು. ಅದರ ವಯಸ್ಸು 2 ಶತಮಾನಗಳನ್ನು ಮೀರಿದುದಲ್ಲ. ಆದರೆ ಕಟ್ಟಿ ನಿಲ್ಲಿಸಿದ ನೀರಿನಲ್ಲಿ ಮೀನು ಬಾಳುವಂತೆ ಮಾಡುವ ವಿದ್ಯೆ ನಮ್ಮ ನಾಡಿಗೆ ಬಹಳ ಹಳೆಯದು. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವ ರೂಢಿ ಮಾತ್ರ ನಮ್ಮಲ್ಲಿಲ್ಲ. ಪಟ್ಟಣದ ಗೃಹಸ್ಥರು ಹಬ್ಬಕ್ಕೋ ಮಕ್ಕಳ ಹುಟ್ಟುಹಬ್ಬಕ್ಕೋ ಅಂಗಡಿಯಿಂದ ಮೀನುಗಳನ್ನು ತರುತ್ತಾರೆ, ಹದಿನೈದು ದಿನಗಳೊಳಗಾಗಿ ಅವುಗಳಲ್ಲಿ ಅರೆಪಾಲು ಸಾಯುತ್ತವೆ, ಮಕ್ಕಳು ಅಳುತ್ತಾರೆ, ಮೀನಿನ ಆಯುಸ್ಸೇ ಅಷ್ಟೆಂದು ಹಿರಿಯರು ಸಮಾಧಾನ ಹೇಳುತ್ತಾರೆ. ಚಿನ್ನದ ಮೀನೆಂದು ನಾವು ಕರೆಯುವ ಪ್ರಾಣಿಯು ಸರಿಯಾದ ನೀರಿನಲ್ಲಿ 10 ವರ್ಷಗಳಿಗೂ ಮೀರಿ ಬದುಕಬಲ್ಲದೆಂದು ತಿಳಿದವರಿಗೆ ಈ ಸಮಾಧಾನ ಸಾಲದು. ಸಾವಿನ ಕಾರಣವನ್ನು ನೀರಿನಲ್ಲಿ ಹುಡುಕಬೇಕು. ನೀರಿನ ಗುಣವನ್ನು ಕುರಿತು ಪಾಠ ಹೇಳಿಸಿಕೊಳ್ಳುವುದಕ್ಕೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಗಿಂತ ಒಳ್ಳೆಯ ಪಾಠಶಾಲೆ ಅಪರೂಪವೆಂದೇ ನಮ್ಮ ಅಭಿಪ್ರಾಯ.

ಬಾದಾಮಿಯ ಕೆಂಪು ಗುಡ್ಡಗಳ ನಡುವೆ ಅಗಸ್ತ್ಯತೀರ್ಥವಿರುವುದಷ್ಟೆ. ಒಂದನೆಯ ಪುಲಕೇಶಿಯು ಶಕವರ್ಷ 465ರಲ್ಲಿ, ಎಂದರೆ ಕ್ರಿ.ಶ. 543ರಲ್ಲಿ, ವಾತಾಪಿಯ ಗುಡ್ಡವನ್ನು ದುರ್ಗವನ್ನಾಗಿ ಮಾಡಿದನೆಂದು ಅಲ್ಲಿಯ ಬಂಡೆಯ ಮೇಲಿನ ಶಾಸನವು ಸಾರುತ್ತದೆ. ದುರ್ಗಕ್ಕೆ ಗೋಡೆ ಎಷ್ಟು ಅವಶ್ಯವೋ ನೀರೂ ಅಷ್ಟೇ ಅವಶ್ಯ. ಮಳೆ ಬಿದ್ದಾಗ ಬಂಡೆಗಳ ನೆತ್ತಿಯಿಂದ ಅಕ್ಕತಂಗಿಯರೆಂಬ ಜೋಡಿ ಜಲಪಾತಗಳು ಇಳಿಯುತ್ತವೆ. ಗುಡ್ಡಗಳ ನೀರು ಈ ಕೆರೆಯನ್ನು ಸೇರುತ್ತದೆ. ಕೆರೆಯ ಹರವು ವಿಶಾಲವಾದುದು. ಗುಡ್ಡಗಳ ನಡುವಣ ಗಾಳಿಯು ಅದರ ಮೇಲ್ಮೈಯನ್ನು ಕದಡುತ್ತಿರುತ್ತದೆ. ನೀರಿನೊಳಗಿಳಿದ ಮೆಟ್ಟಿಲುಗಳ ಮೇಲೆ ಪಾಚಿ ಹತ್ತುತ್ತದೆ. ಪಾಚಿಯನ್ನು ಹುಳುಗಳೂ ಮರಿಮೀನುಗಳೂ ತಿನ್ನುತ್ತವೆ. ನೀರು ಹಸುರಾಗಿ ಕಾಣುವುದನ್ನು ನೋಡಿ ಪ್ರವಾಸಿಗರು ಮೂಗು ಮುರಿಯುವುದುಂಟು. ಹಸುರು ನೀರೆಲ್ಲವೂ ಸತ್ತ ನೀರಲ್ಲ. ಸ್ಫಟಿಕದಂತೆ ತಿಳಿಯಾದ ನೀರಿನಲ್ಲಿಯೂ ಮೀನು ವಿಷ ಕುಡಿದು ಸಾಯುವುದುಂಟು. ಇದನ್ನು ಮುಂದೆ ವಿವರಿಸುತ್ತೇವೆ.

ಆ ಕಾಲದ ಶಿಲ್ಪಿಗಳು ಮೀನನ್ನು ಕಣ್ಣಾರೆ ಕಂಡವರೆಂಬುದರಲ್ಲಿ ಸಂದೇಹವಿಲ್ಲ. ಬಾದಾಮಿಯ ಎರಡನೆಯ ಗುಹೆಯ ಚಾವಣಿಯಲ್ಲಿ 16 ಮೀನುಗಳನ್ನೇ ಅರೆಕಾಲುಗಳನ್ನಾಗಿ ಜೋಡಿಸಿದ ಚಕ್ರವೊಂದನ್ನು ಕೆತ್ತಿದ್ದಾರೆ. ಗುಹೆಗೆ ಹೋದವರೆಲ್ಲರೂ ತ್ರಿವಿಕ್ರಮನನ್ನೂ ವರಾಹನನ್ನೂ ನೋಡಿ ಹಿಂದಿರುಗುತ್ತಾರೆ. ಕತ್ತೆತ್ತಿ ಚಾವಣಿಯನ್ನು ನೋಡುವವರು ಕಡಮೆ.

ಬಾದಾಮಿಗೆ ಸಮೀಪದ ಮಹಾಕೂಟದಲ್ಲಿ ಬೇರೊಂದು ಬಗೆಯ ವ್ಯವಸ್ಥೆಯನ್ನು ಕಾಣುತ್ತೇವೆ. ಅಲ್ಲಿಯ ವಿಷ್ಣುಪುಷ್ಕರಣಿಗೆ ನೀರು ಬರುವುದು ಮಳೆಯಿಂದ ನೇರವಾಗಿ ಅಲ್ಲ, ಗುಡ್ಡದ ಬುಡದಲ್ಲಿ ಹುಟ್ಟುವ ಬುಗ್ಗೆಯಿಂದ. ಒಂದು ಕಡೆ ಹೊಸ ನೀರು ಬರುತ್ತದೆ. ಬಂದಷ್ಟೇ ಹಳೆಯ ನೀರು ಹೊರಗೆ ಹರಿದುಹೋಗುತ್ತದೆ. ಕೆರೆಯ ವಿಷಯದಲ್ಲಿಯೂ ಹಿರಿಯರ ನಿಯಮ ಇದೇ. ತೂಬಿಲ್ಲದ ಕೆರೆಯಿಂದ ಬೇಸಾಯಗಾರನಿಗೆ ಪ್ರಯೋಜನವಿಲ್ಲ. ಕೋಡಿಯಿಲ್ಲದ ಕೆರೆ ಏರಿಯನ್ನೇ ಒಡೆದುಕೊಳ್ಳುತ್ತದೆ. ಕೋಡಿಗೆ ಇನ್ನೊಂದು ಕೆಲಸವೂ ಉಂಟು. ಬಿಸಿಲಿಗೆ ಆವಿಯಾಗಿ ಹೋಗುವುದು ನೀರು ಮಾತ್ರ. ನೀರಿನಲ್ಲಿ ಕರಗಿದ ಉಪ್ಪುಗಳೂ ಕೊಳೆಯೂ ಹಿಂದೆಯೇ ಉಳಿಯುತ್ತವೆ. ಕೋಡಿ ಬಿದ್ದಾಗ ಆ ಹಳೆಯ ಭಾರ ಇಳಿಯುತ್ತದೆ. ಬಹುಕಾಲ ಕೋಡಿ ಬೀಳದ ಕೆರೆಯ ನೀರು ವರ್ಷದಿಂದ ವರ್ಷಕ್ಕೆ ಗಡುಸಾಗುತ್ತದೆ.

ಮನೆಯ ಗಾಜಿನ ತೊಟ್ಟಿಯು ಕೋಡಿಯಿಲ್ಲದ ಕೆರೆ. ಈ ಹವ್ಯಾಸದಲ್ಲಿ ನೆನಪಿನಲ್ಲಿಡಬೇಕಾದ ಮಾತು ಇದೊಂದೇ. ಉಳಿದುದೆಲ್ಲ ಇದರ ವಿವರಣೆ.

ಮೀನಿಗೆ ಆಹಾರ ಹಾಕುವುದನ್ನು ಕುರಿತು ನಮ್ಮ ನಾಡಿನ ಅರಸನೊಬ್ಬನೇ ಬರೆದುದುಂಟು. ತಾವು ಬಾದಾಮಿಯ ಚಾಲುಕ್ಯರ ಪೀಳಿಗೆಯವರೆಂದು ಹೇಳಿಕೊಂಡ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ಭೂಲೋಕಮಲ್ಲನೆಂಬ ಬಿರುದಿನಿಂದ ಪ್ರಸಿದ್ಧನಾದವನು. ಅವನ ಸಂಸ್ಕೃತ ಗ್ರಂಥವಾದ ಮಾನಸೋಲ್ಲಾಸವು ಕ್ರಿ.ಶ. 1129ರ ಸುಮಾರಿನದು. 100 ಅಧ್ಯಾಯಗಳ ಈ ಗ್ರಂಥದಲ್ಲಿ ರಾಜನೀತಿಯಿಂದ ಅಡಿಗೆಯವರೆಗೆ ಎಲ್ಲವೂ ಇದೆ. ಅದರಲ್ಲಿ ಮತ್ಸ್ಯವಿನೋದವೆಂಬ ಭಾಗವೂ ಒಂದು. ಕಡಲಿನ ಮೀನಾವುದು, ಸಿಹಿನೀರಿನದಾವುದು, ಹುರುಪೆಯುಳ್ಳುದಾವುದು, ಇಲ್ಲದುದಾವುದು ಎಂದು ಸುಮಾರು 35 ಜಾತಿಗಳನ್ನು ಅರಸನು ಹೆಸರಿಸಿ ವಿಂಗಡಿಸುತ್ತಾನೆ; ಯಾವುದಕ್ಕೆ ಎಂಥ ಆಹಾರ ಮೆಚ್ಚಿಗೆಯೆಂದು ಹೇಳುತ್ತಾನೆ. ಭಾರತದ ಪ್ರಾಣಿಶಾಸ್ತ್ರ ಸರ್ವೇಕ್ಷಣದ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಭಾಗವನ್ನು ಕುರಿತು ಲೇಖನವನ್ನು ಪ್ರಕಟಿಸಿದ ಮೇಲೆ ಮೀನಿನ ವಿಜ್ಞಾನಿಗಳ ಗಮನವು ಇತ್ತ ತಿರುಗಿತು.

ಆದರೆ ಅರಸನು ಮೀನುಗಳನ್ನು ಇಷ್ಟು ಅಕ್ಕರೆಯಿಂದ ಪೋಷಿಸುವುದು ಗಾಳಹಾಕಿ ಹಿಡಿಯುವುದಕ್ಕಾಗಿ. ಉಂಡೆ ಹಾಕಿ, ಕೊಬ್ಬಿಸಿ, ನಂಬಿಸಿ, ಕೊನೆಗೆ ಕೊಕ್ಕೆಗೆ ಸಿಕ್ಕಿಸುವುದೇ ವಿನೋದ. ಇದಕ್ಕೆ ಪ್ರತಿಯಾಗಿ, ಹಿಡಿಯುವ ಯೋಚನೆಯೇ ಇಲ್ಲದೆ ಮೀನಿಗೆ ಅನ್ನವಿಕ್ಕುವ ಸಂಪ್ರದಾಯವು ನಮ್ಮ ಮಲೆನಾಡಿನಲ್ಲಿ ಉಳಿದುಬಂದಿದೆ. ಶೃಂಗೇರಿಯ ತುಂಗೆಯಲ್ಲಿಯೂ ಶಿಶಿಲದ ಕಪಿಲೆಯಲ್ಲಿಯೂ ದೇವರ ಮೀನುಗಳೆಂದು ಭಕ್ತರು ಮಂಡಕ್ಕಿಯನ್ನು ಎರಚುತ್ತಾರೆ. ಹರಿಯುವ ಹೊಳೆಯು ಹೆಚ್ಚಾದ ಮಂಡಕ್ಕಿಯನ್ನು ಹೊತ್ತುಕೊಂಡು ಹೋಗುತ್ತದೆ. ಇದೇ ಧಾರಾಳವನ್ನು ನಾವು ಮನೆಯ ತೊಟ್ಟಿಯಲ್ಲಿ ತೋರಿಸಿದರೆ ಮೀನು ತಿನ್ನದ ಪಾಲು ಅಲ್ಲಿಯೇ ಕೊಳೆಯುತ್ತದೆ. ಅರಸನ ಗಾಳಕ್ಕೆ ಸಿಕ್ಕ ಮೀನುಗಳಿಗಿಂತ ಗೃಹಸ್ಥರ ಪ್ರೀತಿಗೆ ಸಿಕ್ಕ ಮೀನುಗಳ ಸಾವೇ ಹೆಚ್ಚಿರಬಹುದು!

ಇನ್ನು ಗಾಜಿನ ಕಥೆಗೆ ಬರೋಣ. ಚಿನ್ನದ ಮೀನಿನ ತಳಿಯನ್ನು ಬೆಳಸಿದವರು ಚೀನೀಯರು. ಆದರೆ ಅವರು ಸಾಕಿದುದು ಕೊಳಗಳಲ್ಲಿ ಮತ್ತು ಮಣ್ಣಿನ, ಪಿಂಗಾಣಿಯ ಪಾತ್ರೆಗಳಲ್ಲಿ. 1832ರಲ್ಲಿ ಜಾನ್ ವಿಲ್ಪ್ರೂ ಪವರ್ ಎಂಬ ಫ್ರೆಂಚ್ ಮಹಿಳೆಯು ಸಿಸಿಲಿ ದ್ವೀಪದ ಮೆಸ್ಸೀನದಲ್ಲಿ ಕಡಲಿನ ಪ್ರಾಣಿಗಳ ಜೀವನವನ್ನು ಪರೀಕ್ಷಿಸುವುದಕ್ಕಾಗಿ ಗಾಜಿನ ತೊಟ್ಟಿಗಳನ್ನು ಮಾಡಿಸಿಕೊಂಡಳು. ತರುವಾಯ ಲಂಡನ್ನಿನ ಔಷಧಕಾರರ ಸಂಘದಲ್ಲಿ ರಸಾಯನಜ್ಞನಾಗಿದ್ದ ರಾಬರ್ಟ್ ವಾರಿಂಗ್ಟನ್ನನು 1849ರಲ್ಲಿ 12 ಗ್ಯಾಲನ್ನುಗಳ ಗಾಜಿನ ಪಾತ್ರೆಯೊಂದರಲ್ಲಿ ಅರ್ಧದವರೆಗೆ ಊಟೆಯ ನೀರನ್ನು ತುಂಬಿ, ಮರಳನ್ನೂ ಮಣ್ಣನ್ನೂ ಹಾಕಿ, ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನು ನೆಟ್ಟು, ಎರಡು ಚಿಕ್ಕ ಚಿನ್ನದ ಮೀನುಗಳನ್ನು ಬಿಟ್ಟನು. ಗಿಡದ ಹಳೆಯ ಎಲೆಗಳು ಕೊಳೆತು ನೀರು ಬಗ್ಗಡವಾಯಿತು. ಆಗ ಅವನು ಕೊಳೆತುದನ್ನು ತಿನ್ನುವ ಬಸವನಹುಳುಗಳನ್ನು ತಂದು ಬಿಟ್ಟನು, ನೀರು ತಿಳಿಯಾಯಿತು, ಹುಳುಗಳ ಮೊಟ್ಟೆಗಳು ಮೀನಿಗೆ ಆಹಾರವೂ ಆದುವು. ಮೀನು ಉಸಿರಾಡಿ ಬಿಟ್ಟ ಇಂಗಾಲಾಮ್ಲವನ್ನು ಗಿಡವು ಹೀರುತ್ತದೆ. ಗಿಡವು ಬಿಟ್ಟ ಆಮ್ಲಜನಕವನ್ನು ಮೀನು ಹೀರುತ್ತದೆ. ನಡುವಣ ಕೊಳೆಯನ್ನು ಬಸವನಹುಳು ತೆಗೆಯುತ್ತದೆ. ಹೀಗೆ ಮೂವರ ಒಪ್ಪಂದದಿಂದ ನೀರು ತನ್ನಷ್ಟಕ್ಕೆ ತಾನೇ ನೆಟ್ಟಗಿರುವುದೆಂದು ಅವನು 1850ರಲ್ಲಿ ರಸಾಯನ ಸಂಘದ ಮುಂದೆ ನಿರೂಪಿಸಿದನು.

ಈ ಮಾತು ಜನರ ಮನಸ್ಸನ್ನು ಸೂರೆಗೊಂಡಿತು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯವು ತೆರೆಯಿತು. ಮರುವರ್ಷ ಫಿಲಿಪ್ ಗಾಸ್ಸನ ಪುಸ್ತಕ ಬಂದಿತು. ಮನೆಮನೆಯಲ್ಲಿಯೂ ತೊಟ್ಟಿಗಳು ಕಾಣಿಸಿಕೊಂಡುವು. ತೊಟ್ಟಿಗಳನ್ನು ತುಂಬುವುದಕ್ಕಾಗಿ ಜನರು ಇಂಗ್ಲೆಂಡಿನ ಕಡಲಂಚಿನ ಬಂಡೆಗಳ ನಡುವಣ ಜೀವಿಗಳನ್ನು ಬಾಚಿಕೊಂಡುದರಿಂದ ಆ ತೀರಗಳು ಬರಿದಾದುವೆಂದು ಗಾಸ್ಸನ ಮಗ ಎಡ್ಮಂಡನು 1907ರಲ್ಲಿ ಪ್ರಕಟಿಸಿದ ತನ್ನ ಆತ್ಮಕಥನದಲ್ಲಿ ಮರುಗಿದ್ದಾನೆ.

ವಾರಿಂಗ್ಟನ್ನನ ಮೂವರ ಒಪ್ಪಂದದಲ್ಲಿ ಒಂದು ಲೋಪವಿತ್ತು. ಅದನ್ನು ತುಂಬಿದವರಲ್ಲಿ ಅವನ ಮಗನೇ ಒಬ್ಬನೆಂಬುದು ವಿಜ್ಞಾನದ ಚರಿತ್ರೆಯಲ್ಲಿ ನಮಗೆ ಬಹು ಪ್ರಿಯವಾದ ಸಂಗತಿ. ಮೀನು ಹೊರಬಿಡುವ ಮುಖ್ಯ ವಿಷ ಇಂಗಾಲಾಮ್ಲವಲ್ಲ, ಅಮೋನಿಯ. ಅದಕ್ಕೆ ಬಣ್ಣವಿಲ್ಲ, ತಿಳಿನೀರಿನಲ್ಲಿ ಮೀನು ಸಾಯುವ ರಹಸ್ಯ ಇಲ್ಲಿದೆ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬ ಇಬ್ಬರು ವಿದ್ವಾಂಸರು ಮರಳನ್ನೂ ಸುಣ್ಣಕಲ್ಲಿನ ಪುಡಿಯನ್ನೂ ತುಂಬಿದ ಕೊಳವೆಯೊಳಗೆ ಚರಂಡಿಯ ನೀರನ್ನು ಮೆಲ್ಲಮೆಲ್ಲನೆ ಇಳಿಸಿದರು. ಮೊದಲ 20 ದಿನ ಅಮೋನಿಯವು ಇದ್ದಂತೆಯೇ ಹೊರಬಂದಿತು. ಆಮೇಲೆ ಅದು ನೈಟ್ರೇಟಾಗಿ ಬರತೊಡಗಿತು. ಕ್ಲೋರೋಫಾರಮ್ಮಿನ ಆವಿಯನ್ನು ತಾಕಿಸಿದೊಡನೆ ಈ ಮಾರ್ಪಾಡು ನಿಂತುಹೋಯಿತು. ಎಂದಮೇಲೆ ಇದು ಮರಳಿನ ಕೆಲಸವಲ್ಲ, ಮರಳಿನ ಮೇಲೆ ಮನೆಮಾಡಿದ ಸೂಕ್ಷ್ಮಜೀವಿಗಳ ಕೆಲಸ. ತಂದೆಯ ಹೆಸರನ್ನೇ ಹೊತ್ತ ಕಿರಿಯ ರಾಬರ್ಟ್ ವಾರಿಂಗ್ಟನ್ನನು ರೋಥಾಮ್‌ಸ್ಟೆಡ್ಡಿನ ಕೃಷಿಪ್ರಯೋಗಶಾಲೆಯಲ್ಲಿ ಇದೇ ವಿಷಯವನ್ನು ವರ್ಷಗಟ್ಟಲೆ ಶೋಧಿಸಿ, ಕೆಲಸವು ಎರಡು ಮೆಟ್ಟಿಲುಗಳಲ್ಲಿ ನಡೆಯುವುದೆಂದು ತೋರಿಸಿದನು: ಒಂದು ಬಗೆಯ ಜೀವಿಗಳು ಅಮೋನಿಯವನ್ನು ನೈಟ್ರೈಟಾಗಿ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟಾಗಿ ಮಾಡುತ್ತವೆ. ಇವುಗಳನ್ನು ಪ್ರತ್ಯೇಕಿಸಿದ ಕೀರ್ತಿ 1890ರ ಸುಮಾರಿನಲ್ಲಿ ರಷ್ಯದ ವಿನೊಗ್ರಾಡ್‌ಸ್ಕಿಗೆ ಸಂದಿತು. ಕಿರಿಯ ವಾರಿಂಗ್ಟನ್ನನ ಚಿಂತೆಯೆಲ್ಲ ಹೊಲದ ಮಣ್ಣನ್ನು ಕುರಿತುದು. ತನ್ನ ತಂದೆಯ ಮೀನುಪಾತ್ರೆಯ ಮರಳಿನಲ್ಲಿಯೂ ಅದೇ ವ್ಯವಸಾಯ ನಡೆದಿದ್ದಿತು.

ತಂದೆಯ ಸಿದ್ಧಾಂತದ ಇನ್ನೊಂದು ಭಾಗವೂ ನಿಲ್ಲಲಿಲ್ಲ. ತೊಟ್ಟಿಯ ಆಮ್ಲಜನಕವು ಬಹುಪಾಲು ಬರುವುದು ಗಿಡದಿಂದಲ್ಲ, ನೀರಿನ ಮೇಲ್ಮೈಯ ಗಾಳಿಯಿಂದ. ಗಿಡವು ರಾತ್ರಿ ತಾನೂ ಆಮ್ಲಜನಕವನ್ನೇ ಹೀರುತ್ತದೆ. ಸಮತೋಲದ ತೊಟ್ಟಿಯೆಂಬುದು ಕಟ್ಟುಕಥೆಯೆಂದು ನ್ಯೂಯಾರ್ಕಿನ ಮತ್ಸ್ಯಾಲಯದ ಜೇಮ್ಸ್ ಆಟ್ಸ್ 1949ರಲ್ಲಿಯೇ ಬರೆದನು. ಆದರೂ ಒಮ್ಮೆ ಗಿಡ ನೆಟ್ಟು ಮೀನು ಬಿಟ್ಟರೆ ಸಾಕು, ಎಲ್ಲವೂ ತಾನಾಗಿ ನಡೆಯುತ್ತದೆಂಬ ನಂಬಿಕೆ ಇಂದಿಗೂ ಅಳಿದಿಲ್ಲ.

ಈ ಚರಿತ್ರೆಯನ್ನು ತಿಳಿದವನು ತೊಟ್ಟಿಯನ್ನು ಹೇಗೆ ಹೂಡಬೇಕು? ಮೊದಲನೆಯದಾಗಿ, ಉರುಟು ಬುರುಡೆಯ ಪಾತ್ರೆ ಬೇಡ. ಅದರ ಬಾಯಿ ಕಿರಿದು, ಗಾಳಿ ತಾಕುವ ಮೇಲ್ಮೈ ಅತ್ಯಲ್ಪ. ಅಗಸ್ತ್ಯತೀರ್ಥದಂತೆ ಹರವಾಗಿರುವುದು ಲೇಸು. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 55 ಲೀಟರು ನೀರು ಹಿಡಿಯುತ್ತದೆ. ನೀರಿನ ತೂಕವೇ 55 ಕಿಲೋ ಆಗುವುದರಿಂದ ಇಡುವ ಮೇಜು ಗಟ್ಟಿಯಾಗಿರಬೇಕು. ಎರಡನೆಯದು ಕಾಯುವ ತಾಳ್ಮೆ. ಶ್ಲೋಸಿಂಗರ ಕೊಳವೆಯಲ್ಲಿ 20 ದಿನ ಏನೂ ನಡೆಯಲಿಲ್ಲವಷ್ಟೆ. ನಮ್ಮ ತೊಟ್ಟಿಯಲ್ಲಿಯೂ ಆ ಜೀವಿಗಳು ನೆಲೆಗೊಳ್ಳಲು 4ರಿಂದ 6 ವಾರಗಳು ಬೇಕು. ಹೊಸ ತೊಟ್ಟಿಯಲ್ಲಿ ಮೊದಲ ದಿನವೇ 20 ಮೀನುಗಳನ್ನು ತುಂಬಿದರೆ ಅವು ತಮ್ಮ ಅಮೋನಿಯದಲ್ಲಿಯೇ ಬೇಯುತ್ತವೆ. ಹಳೆಯ ತೊಟ್ಟಿಯುಳ್ಳ ಸ್ನೇಹಿತರಿಂದ ಒಂದು ಹಿಡಿ ಹರಳನ್ನು ಬೇಡಿ ತಂದರೆ ಕೆಲಸ ಬೇಗನೆ ಆಗುತ್ತದೆ. ಮೊಸರಿಗೆ ಹೆಪ್ಪು ಹಾಕಿದಂತೆ. ಬಳಿಕ ಎರಡು ಮೂರು ಮೀನುಗಳಿಂದ ಆರಂಭಿಸಬೇಕು.

ತಳದ ಹರಳಿನ ವಿಷಯದಲ್ಲಿ ನಮ್ಮ ಸೀಮೆಯ ಭೂಗರ್ಭವೇ ಗುರು. ಬಾಗಲಕೋಟೆಯ ಸುತ್ತ ಕಲಾದಗಿ ಶ್ರೇಣಿಯ ಸುಣ್ಣಕಲ್ಲು ಹಾಸಿದೆ. ಸಿಮೆಂಟಿನ ಕಾರ್ಖಾನೆ ಅಲ್ಲಿಗೆ ಬಂದುದು ಅದರ ದೆಸೆಯಿಂದ. ಬಾದಾಮಿಯದು ಮರಳುಗಲ್ಲು. ಇಳಕಲ್ಲಿನದು ದೇಶಾಂತರಗಳಿಗೂ ಹೋಗುವ ಕೆಂಪು ಗ್ರಾನೈಟು. ಇವುಗಳಲ್ಲಿ ಇಳಕಲ್ಲಿನ ಗ್ರಾನೈಟಿನ ಚೂರುಗಳು ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು. ಅಂಚುಗಳು ಮೊನಚಾಗಿರದಂತೆ ನೋಡಿಕೊಂಡು ತೊಳೆದು ಹಾಸಿದರೆ ಅದಕ್ಕಿಂತ ಚೆಲುವಾದ ತಳ ಬೇರೆ ಬೇಡ. ಸುಣ್ಣಕಲ್ಲಾದರೋ ಕರಗುತ್ತ ನೀರನ್ನು ಗಡುಸಾಗಿಯೂ ಕ್ಷಾರಯುಕ್ತವಾಗಿಯೂ ಮಾಡುತ್ತದೆ. ಸಂದೇಹ ಬಂದ ಕಲ್ಲಿನ ಮೇಲೆ ಒಂದೆರಡು ತೊಟ್ಟು ನಿಂಬೆಯ ರಸವನ್ನು ಬಿಟ್ಟು ನೋಡಿ. ನೊರೆಗರೆದರೆ ಸುಣ್ಣವಿದೆಯೆಂದು ತಿಳಿಯಬೇಕು. ಹುನಗುಂದದ ಎರೆನೆಲದಂಥ ಕಡೆ ಬಾವಿಯ ನೀರು ಎಷ್ಟೋ ಸಲ ಸವುಳು. ಅದನ್ನು ಹಾಗೆಯೇ ಬಳಸುವುದಕ್ಕಿಂತ ಮಳೆಯ ನೀರನ್ನು ಬೆರಸಿಕೊಳ್ಳುವುದು ಮೇಲು. ಹುನಗುಂದದ ಹೆಸರು ಬಂದಾಗ ಕೂಡಲಸಂಗಮವು ನೆನಪಾಗುತ್ತದೆ: ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಏರಿದಾಗ ಐಕ್ಯಮಂಟಪವನ್ನು ಉಳಿಸುವುದಕ್ಕಾಗಿ ಅದರ ಸುತ್ತ ಬಾವಿಯಂತೆ ಗೋಡೆ ಕಟ್ಟಿದ್ದಾರೆ. ನೀರು ಹೊರಗೆ, ಮನುಷ್ಯರು ಒಳಗೆ. ಮೀನುಗಳು ನಮ್ಮನ್ನು ನೋಡಬಹುದಾದ ತೊಟ್ಟಿ ಅದು.

ಗಡುಸು ನೀರಿನಲ್ಲಿ ಮೀನು ಬಾಳಲಾರದೆಂದು ಇದರ ಅರ್ಥವಲ್ಲ. ಗಪ್ಪಿ, ಮೋಲಿ ಮೊದಲಾದುವಕ್ಕೆ ಅದೇ ಹಿತ. ಅಪಾಯವಿರುವುದು ಅಮೋನಿಯದಲ್ಲಿ. ನೀರಿನ ಪಿ.ಎಚ್. ಎಂಬ ಮಾನವು 7ರಿಂದ 8ಕ್ಕೆ ಏರಿದರೆ ಅಮೋನಿಯದ ವಿಷರೂಪದ ಪಾಲು 10 ಪಟ್ಟಿನಷ್ಟಾಗುತ್ತದೆ. ಬಿಸಿ ಹೆಚ್ಚಿದರೂ ಆ ಪಾಲು ಏರುತ್ತದೆ. ಅಲ್ಲದೆ 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ 9 ಮಿಲಿಗ್ರಾಮು ಆಮ್ಲಜನಕ ಹಿಡಿದರೆ 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ ಮಾತ್ರ. ಚೈತ್ರ ವೈಶಾಖಗಳಲ್ಲಿ ಬಾಗಲಕೋಟೆಯ ಬಿಸಿಲು 40 ಡಿಗ್ರಿಯನ್ನು ಮುಟ್ಟುವುದೆಂದು ನೆನೆದರೆ, ಸೀಮೆಯ ಪುಸ್ತಕಗಳಲ್ಲಿ ಹೇಳುವ ನೀರು ಕಾಯಿಸುವ ಉಪಕರಣವು ಇಲ್ಲಿ ಎಷ್ಟು ಅನಾವಶ್ಯಕವೆಂಬುದು ತಿಳಿಯುತ್ತದೆ. ನಮಗೆ ಬೇಕಾದುದು ತಂಪು: ತೊಟ್ಟಿಯನ್ನು ಕಿಟಕಿಯ ಬಿಸಿಲಿನಲ್ಲಿಡದೆ ದಪ್ಪ ಗೋಡೆಯ ಒಳಕೋಣೆಯಲ್ಲಿಡಬೇಕು, ಮೇಲೆ ಗಾಜಿನ ಬದಲು ಬಲೆಯ ಮುಚ್ಚಳ ಹಾಕಬೇಕು, ಗಾಳಿ ಊದುವ ಯಂತ್ರವು ಮೇಲ್ಮೈಯನ್ನು ಕದಡುತ್ತಿರಬೇಕು. ವಿದ್ಯುತ್ತು ನಿಂತಾಗ ತಂಬಿಗೆಯಲ್ಲಿ ನೀರನ್ನು ಎತ್ತಿ ಎತ್ತಿ ಸುರಿಯುವುದೂ ಒಂದು ಉಪಾಯ.

ಬೇಸಗೆಯಲ್ಲಿ ಅನೇಕರು ಆವಿಯಾದಷ್ಟು ನೀರನ್ನು ಮೇಲಿನಿಂದ ತುಂಬಿ, ನೀರು ಬದಲಾಯಿಸಿದೆವೆಂದು ತೃಪ್ತರಾಗುತ್ತಾರೆ. ಇದು ಕೋಡಿ ಬೀಳದ ಕೆರೆಗೆ ಇನ್ನಷ್ಟು ನೀರು ಬಿಟ್ಟಂತೆ. ಉಪ್ಪೂ ನೈಟ್ರೇಟೂ ಕೂಡುತ್ತಲೇ ಹೋಗುತ್ತವೆ. ವಾರಕ್ಕೊಮ್ಮೆ ಕಾಲುಭಾಗ ಹಳೆಯ ನೀರನ್ನು ಕೊಳವೆಯಿಂದ ತಳದ ಕಶ್ಮಲದೊಡನೆ ಹೊರತೆಗೆದು ಅಷ್ಟೇ ಹೊಸ ನೀರನ್ನು ಹಾಕಬೇಕು. ಪೂರ್ತಿ ಖಾಲಿ ಮಾಡಿ, ಹರಳನ್ನು ಉಜ್ಜಿ ತೊಳೆಯುವ ಗೃಹಿಣಿಯರ ಶುಚಿತ್ವವು ಬೇರೆಡೆ ಶ್ಲಾಘ್ಯ. ಇಲ್ಲಿ ಅದು ವಾರಗಟ್ಟಲೆ ನೆಲೆಗೊಂಡ ಸೂಕ್ಷ್ಮಜೀವಿಗಳನ್ನು ಒಕ್ಕಲೆಬ್ಬಿಸುತ್ತದೆ. ನಲ್ಲಿಯ ನೀರಿನ ಕ್ಲೋರೀನು ಮೀನಿಗೂ ಆ ಜೀವಿಗಳಿಗೂ ಶತ್ರು. ನೀರನ್ನು ಅಗಲಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸಬೇಕು. ಅವಸರವಿದ್ದರೆ ಛಾಯಾಚಿತ್ರಗಾರರು ಹಿಂದೆ ಬಳಸುತ್ತಿದ್ದ ಹೈಪೋ ಉಪ್ಪಿನ ದ್ರಾವಣದ ಕೆಲವು ತೊಟ್ಟುಗಳು ಸಾಕು. ಸೋಸುವ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯದೆ ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿಯೇ ಹಿಂಡಬೇಕು. ಆಹಾರವು ಎರಡು ಮೂರು ನಿಮಿಷಗಳಲ್ಲಿ ಮುಗಿಯುವಷ್ಟಿರಲಿ. ವಾರಕ್ಕೊಂದು ದಿನ ಉಪವಾಸವಿಟ್ಟರೆ ಮೀನಿಗೆ ಕೇಡಿಲ್ಲ. ಹದಿನೈದು ದಿನಕ್ಕೊಮ್ಮೆ ಏಕಾದಶಿ ಮಾಡುವ ನಾವು ಇದಕ್ಕೆ ಅಂಜಬೇಕಾದುದಿಲ್ಲ.

ಮೀನಿನ ಆಯ್ಕೆಯಲ್ಲಿ ಹರಿವ ನೀರಿನದು ಬೇರೆ, ನಿಂತ ನೀರಿನದು ಬೇರೆ ಎಂಬುದನ್ನು ಮರೆಯಬಾರದು. ಕಾಸರಗೋಡಿನ ಚಂದ್ರಗಿರಿಯೇ ಮೊದಲಾದ ಪಶ್ಚಿಮಘಟ್ಟದ ಹೊಳೆಗಳ ಒಂದು ಕೆಂಪುಗೆರೆಯ ಮೀನು, ಮಿಸ್ ಕೇರಳ ಎಂಬ ಹೆಸರಿನಿಂದ ದೇಶಾಂತರದ ತೊಟ್ಟಿಗಳಿಗೆ ಮಾರಾಟವಾಗಿ ಮಾರಾಟವಾಗಿ, ಅಳಿವಿನ ಭಯವುಳ್ಳ ಜಾತಿಗಳ ಪಟ್ಟಿಯನ್ನು ಸೇರಿದೆ. ಇಂಗ್ಲೆಂಡಿನ ಕಡಲಂಚಿಗೆ ಬಂದ ಗತಿಯೇ ಇದು. ವಿರುದ್ಧ ದಿಕ್ಕಿನ ಕೇಡೂ ಉಂಟು. ಗಾಜಿನ ಪಾಚಿಯನ್ನು ನೆಕ್ಕಲೆಂದು ತರುವ ದಕ್ಷಿಣ ಅಮೆರಿಕದ ಚಿಪ್ಪುಮೈಯ ಮೀನು ಅಂಗಡಿಯಲ್ಲಿ ಬೆರಳುದ್ದ, ಬೆಳೆದಾಗ ಮೊಳದುದ್ದ. ಅದು ತೊಟ್ಟಿಯಲ್ಲಿ ಹಿಡಿಯದಾದಾಗ ದಯಾಳುಗಳಾದ ಗೃಹಸ್ಥರು ಕೊಲ್ಲಲಾರದೆ ಹತ್ತಿರದ ಕೆರೆಗೆ ಬಿಡುತ್ತಾರೆ. ಭಾರತದ ಹಲವು ಕೆರೆ ಹೊಳೆಗಳಲ್ಲಿ ಈ ಮೀನು ಈಗ ನೆಲೆಯೂರಿ, ಬೆಸ್ತರ ಬಲೆಗಳನ್ನು ಹರಿಯುತ್ತ, ನಾಡಮೀನಿನ ಆಹಾರವನ್ನು ಕಸಿಯುತ್ತಿದೆ. ಸಾಕಲಾಗದ ಮೀನನ್ನು ಅಂಗಡಿಗೋ ಬೇರೆ ಹವ್ಯಾಸಿಗಳಿಗೋ ಕೊಡಬೇಕು; ಅಗಸ್ತ್ಯತೀರ್ಥಕ್ಕಾಗಲಿ ಮಲಪ್ರಭೆಗಾಗಲಿ ಬಿಡುವುದು ಪುಣ್ಯದ ಕೆಲಸವಲ್ಲ.

ತೊಟ್ಟಿಯಿಂದ ವಾರವಾರವೂ ತೆಗೆದ ನೀರನ್ನು ಮಾತ್ರ ಬಚ್ಚಲಿಗೆ ಚೆಲ್ಲಬೇಡಿ. ಅದರಲ್ಲಿರುವ ನೈಟ್ರೇಟು ಕಿರಿಯ ವಾರಿಂಗ್ಟನ್ನನು ಹೊಲದ ಮಣ್ಣಿನಲ್ಲಿ ಅಳೆದ ಗೊಬ್ಬರವೇ ಆಗಿದೆ. ತೊಟ್ಟಿಗೆ ಉಪ್ಪನ್ನಾಗಲಿ ಔಷಧವನ್ನಾಗಲಿ ಹಾಕಿರದಿದ್ದರೆ, ಹಿತ್ತಲಿನ ಬಾಳೆಗೂ ಹೂವಿನ ಕುಂಡಗಳಿಗೂ ಅದನ್ನು ಹನಿಸಬಹುದು.